ಕಣ್ಣು ಮುಚ್ಚಿಕೊಂಡು ಬೈಯುವ ಅಭ್ಯಾಸ

ನಿನ್ನೆ ಬೆಳಿಗ್ಗೆ ಹಾಲು ಕಾಸಿದೆ, ಉಕ್ಕಿಸಿದೆ, ಒಲೆ ಒರೆಸಿದೆ. ಎರಡು ಡಬ್ಬಿಗೆ ಚಿತ್ರಾನ್ನ ತುಂಬಿದೆ, ಒಂದು ಗಂಡನಿಗೆ, ಒಂದು ಮಗಳಿಗೆ. ರಾಗಿ ಹಿಟ್ಟು ಜರಡಿ ಹಿಡಿದೆ, ಅವರೆಕಾಯಿ ಬಿಡಿಸಿದೆ. ಮಗಳ ಹಾಸಿಗೆಯ ಮೇಲಿದ್ದ ಒದ್ದೆ ಟವೆಲ್ ತೆಗೆದು ಹಗ್ಗದ ಮೇಲೆ ಹರವಿದೆ. ಆ ಟವೆಲ್ಲಿನ ಬಗ್ಗೆ ಯಾರಿಗೂ, ದೇವರಿಗೂ ಸಹ, ಏನೂ ಹೇಳಲಿಲ್ಲ. ಹಾಗೆ ಬಾಯಿ ಮುಚ್ಚಿಕೊಂಡಿರಲು ಬೇಕಾದಷ್ಟು ಶಕ್ತಿ ಉಳಿದ ಯಾವ ಕೆಲಸಕ್ಕೂ ಬೇಕಾಗಲಿಲ್ಲ.

ಮಕ್ಕಳನ್ನು ದೇವರ ಕೃಪೆಗೆ ಒಪ್ಪಿಸಿಬಿಟ್ಟಿದ್ದೇನೆ ಎಂದು ಹೇಳಿಕೊಳ್ಳುವ ತಾಯಂದಿರಲ್ಲಿ ನಾನೂ ಒಬ್ಬಳು. ಮಗಳು ಪ್ರಿಸಿಲ್ಲಾ ಮೂರು ತಿಂಗಳ ಕೂಸಾಗಿದ್ದಾಗ ಚರ್ಚಿನಲ್ಲಿ ಪಾದ್ರಿ ಅಯ್ಯನವರ ಕೈಗೆ ಕೊಟ್ಟು, ಎಲ್ಲರೆದುರಿಗೆ ಹಾಗಂತ ಮಾತು ಕೊಟ್ಟಿದ್ದೆ. ಆದರೆ ಒಪ್ಪಿಸಿದ ಮೇಲೆ ಅಲ್ಲಿಂದ ಕದಲುವ ಜಾಯಮಾನ ನನ್ನದಲ್ಲ. ಇಲ್ಲೇ ನಂಜನಗೂಡಿನ ಪೇಟೆಯ ಟೈಲರ್‌ಗೆ ರವಿಕೆ ಬಟ್ಟೆ ಕೊಟ್ಟು, ಅಲ್ಲೇ ಸ್ಟೂಲ್ ಎಳೆದುಕೊಂಡು ಕೂತು, ತೋಳು ಸ್ವಲ್ಪ ಸಡಿಲ ಬಿಡಿ, ಕತ್ತು ಅಷ್ಟು ಇಳಿಸಬೇಡಿ ಎನ್ನುತ್ತಿದ್ದೆ. ಒಂದು ದಿನ ಆತ ಎದ್ದು ನಿಂತು, "ಬನ್ನಿ ಅಕ್ಕ, ಮಿಷನ್ನು ಖಾಲಿ ಇದೆ, ನೀವೇ ಹೊಲ್ಕೊಳಿ" ಅಂದ. ದೇವರು ಹಾಗೆಲ್ಲ ಮುಖದ ಮೇಲೆ ಹೇಳುವವನಲ್ಲ. ಅದರಿಂದ ನನಗೆ ತಿಳಿಯುವುದು ತಡವಾಯಿತು.

ನಮ್ಮ ಮನೆಯಲ್ಲಿ ಸಂಜೆ ಏಳೂವರೆಗೆ ಕುಟುಂಬ ಪ್ರಾರ್ಥನೆ. ಒಂದು ಹಾಡು, ಒಂದು ಅಧ್ಯಾಯ, ಆಮೇಲೆ ನನ್ನ ಪ್ರಾರ್ಥನೆ. ಅದು ದೇಶ, ಮಳೆ, ಬೆಳೆ, ಕಾಯಿಲೆಯವರು ಎಂದು ಚೆನ್ನಾಗಿಯೇ ಹೊರಟು, ಯಾವಾಗಲೂ ಮಗಳ ಕೋಣೆಗೆ ಹೋಗಿ ನಿಲ್ಲುತ್ತಿತ್ತು. "ಕರ್ತನೇ, ಈ ಮಗುವಿಗೆ ಎಚ್ಚರದ ಮನಸ್ಸು ಕೊಡು. ಬೆಳಿಗ್ಗೆ ಮೂರು ಸಲ ಕರೆದರೂ ಏಳದಿದ್ದದ್ದು ನಿನಗೆ ಗೊತ್ತೇ ಇದೆ. ಆ ಒದ್ದೆ ಟವೆಲ್ಲನ್ನೂ ನೀನು ಕಂಡಿದ್ದೀಯ." ಪಕ್ಕದಲ್ಲಿ ಗಂಡನ ನಿಟ್ಟುಸಿರು ಕೇಳಿಸುತ್ತಿತ್ತು. ಭಕ್ತಿ ಹೆಚ್ಚಾಗಿರಬೇಕು ಎಂದುಕೊಳ್ಳುತ್ತಿದ್ದೆ.

ಹೋದ ಮಂಗಳವಾರ ಹಾಡು ಶುರುವಾದರೂ ಪ್ರಿಸಿ ಕೋಣೆಯಿಂದ ಬರಲಿಲ್ಲ.

"ನಾನು ಬರಲ್ಲ ಅಮ್ಮ. ಬೈಯೋದಿದ್ರೆ ಅಡುಗೆಮನೇಲಿ ಬೈಯಿ, ಎದುರು ಮಾತಾಡ್ಬಹುದು. ಅಲ್ಲಿ ಕಣ್ಣು ಮುಚ್ಕೊಂಡು ಕೇಳ್ಬೇಕು. ಮೇಲೆ ಆಮೆನ್ ಬೇರೆ ಅನ್ಬೇಕು!"

ಒಂಬತ್ತನೇ ಕ್ಲಾಸಿನ ಹುಡುಗಿ. ಗಂಡ, "ಹೋದ ತಿಂಗಳು ನನ್ನ ಹೆಲ್ಮೆಟ್ ವಿಷಯಾನೂ ಹಂಗೇ ಅಲ್ಲಿಗೆ ಹೋಗಿತ್ತು" ಎಂದು ಮೆಲ್ಲಗೆ ಸೇರಿಸಿದರು. ಬುಧವಾರವೂ ಬರಲಿಲ್ಲ. ಗುರುವಾರವೂ ಇಲ್ಲ. ಮೂವರ ಹಾಡು ಇಬ್ಬರದಾಗಿ, ನಾನು ಎತ್ತಿದ ಶ್ರುತಿಗೆ ಗಂಡನ ಗಂಟಲು ಸಿಗದೆ ಸೊರಗಿತು. ಟವೆಲ್ ಹೋಗಲಿ, ಈ ಮಗು ನನ್ನ ಮೇಲಿನ ಸಿಟ್ಟಿಗೆ ದೇವರನ್ನೇ ಬಿಟ್ಟುಬಿಟ್ಟರೆ ಎಂದು ಮೊದಲ ಸಲ ಹೆದರಿದೆ.

ಶನಿವಾರ ಬಸ್ಸು ಹತ್ತಿ ನರಸೀಪುರದಲ್ಲಿರುವ ಅತ್ತೆಯ ಹತ್ತಿರ ದೂರು ಒಯ್ದೆ. ಅವರು ಎಲೆಅಡಿಕೆ ಮೆಲ್ಲುತ್ತ ಪೂರ್ತಿ ಕೇಳಿಸಿಕೊಂಡರು.

"ಒಪ್ಪುಸ್ಬುಟ್ಟಿವ್ನಿ ಅಂತೀಯ. ಆಮೇಕೆ ಹೆಂಗ್ ಬೆಳಸ್ಬೇಕು ಅಂತ ಆ ಸ್ವಾಮಿಗೇ ಪಾಠ ಮಾಡ್ತೀಯ. ನಾನೂ ಮಾಡ್ದವ್ಳೇ ಕಣವ್ವಾ. ನಿನ್ ಗಂಡುಂಗೆ ಬೀಡಿ ಬುಡುಸಪ್ಪ ದೇವ್ರೇ ಅಂತ ಜೋರಾಗಿ ಪ್ರಾರ್ಥನೆ ಮಾಡ್ದೆ. ಅಲ್ಲೀಗಂಟ ಅವ್ನು ಬೀಡಿ ಸೇದೋದು ಅವ್ರಪ್ಪುಂಗೆ ಗೊತ್ತೇ ಇರ್ನಿಲ್ಲ."

"ಆಮೇಲೆ?"

"ಒಂದೊರ್ಸ ನನ್ ಪಕ್ಕ ಮೊಣಕಾಲೂರ್ನಿಲ್ಲ."

"ಆಮೇಲೆ ಹೆಂಗೆ ಬಂದ್ರು ಅತ್ತೆ?"

"ನಾನ್ ಬಾಯ್ ಮುಚ್ಕಂಡೆ. ಅದೇ ನಂಗೆ ಆದ ದೊಡ್ ಕೃಪೆ."

ನಿನ್ನೆ ಸಂಜೆ ಮತ್ತೆ ಇಬ್ಬರೇ ಕೂತೆವು. ಪ್ರಿಸಿಯ ಕೋಣೆಯ ಬಾಗಿಲು ಒಂದು ಗೇಣು ತೆರೆದಿತ್ತು. ದೇಶ ಆಯಿತು, ಮಳೆ ಆಯಿತು, ಅತ್ತೆಯ ಮೊಣಕಾಲು ನೋವೂ ಆಯಿತು. ಪ್ರಿಸಿಯ ಸರದಿ ಬಂತು. ನಾಲಿಗೆಯ ತುದಿಯಲ್ಲಿ ಟವೆಲ್ ಇತ್ತು. ನುಂಗಿದೆ. "ಕರ್ತನೇ, ಇವಳನ್ನು ನಮಗೆ ಕೊಟ್ಟಿದ್ದಕ್ಕೆ ಸ್ತೋತ್ರ. ಆಮೆನ್."

ಗಂಡ ಗಾಬರಿಯಿಂದ ಕಣ್ಣು ಬಿಟ್ಟು, "ಯಾಕೆ, ತಲೆ ಸುತ್ತುತ್ತಾ?" ಎಂದರು.

ಬಾಗಿಲ ಸಂದಿಯಿಂದ, "ಅಷ್ಟೇನಾ ಅಮ್ಮ?" ಎಂಬ ದನಿ ಬಂತು.

"ಅಷ್ಟೇ."

ಪ್ರಿಸಿ ಹೊರಗೆ ಬಂದಳು. ನಮ್ಮಿಬ್ಬರ ನಡುವೆ ಜಾಗ ಮಾಡಿಕೊಂಡು ಕೂತು, "ನಾನು ಪ್ರಾರ್ಥನೆ ಮಾಡ್ತೀನಿ, ಕಣ್ಣು ಮುಚ್ಚಿ" ಎಂದಳು. ಮುಚ್ಚಿದೆವು. "ಕರ್ತನೇ, ನನ್ನ ಅಮ್ಮನಿಗೆ ತಾಳ್ಮೆ ಕೊಡು. ಗಣಿತದಲ್ಲಿ ಐವತ್ತಕ್ಕೆ ಹದಿಮೂರು ಬಂದಿದೆ, ನಿನಗೆ ಗೊತ್ತೇ ಇದೆ. ಹೇಳೋದಕ್ಕೆ ಭಯ ಆಗ್ತಿತ್ತು, ಈಗ ಹೇಳಿದೀನಿ. ಆಮೆನ್."

ಹದಿಮೂರು! ನನ್ನ ಕಣ್ಣು ಮುಚ್ಚಿತ್ತು, ಎದುರು ಮಾತಾಡುವ ಹಾಗಿರಲಿಲ್ಲ. ಮೇಲೆ ಆಮೆನ್ ಬೇರೆ ಅನ್ನಬೇಕಿತ್ತು. ಅಂದೆ. ಅವಳ ಕೈ ನನ್ನ ಕೈಯೊಳಗೆ ತಣ್ಣಗಿತ್ತು. ಬಿಡಲಿಲ್ಲ.

ಊಟಕ್ಕೆ ಮುದ್ದೆ, ಅವರೆಕಾಳಿನ ಸಾರು, ಆಮೇಲೆ ಒಂದೊಂದು ರಸಬಾಳೆ. ಪ್ರಿಸಿ ಎರಡು ತಿಂದಳು. ಆ ಹದಿಮೂರರ ವಿಷಯ ದೇವರ ಹತ್ತಿರ ಗುಟ್ಟಾಗಿ, ವಿವರವಾಗಿ ಮಾತಾಡಲೇಬೇಕು ಎಂದುಕೊಂಡು ಹಾಸಿಗೆಗೆ ಹೋದೆ. ಮಗಳು ಇನ್ನೂ ಲೆಕ್ಕದ ಪುಸ್ತಕ ಹಿಡಿದು ಕೂತಿದ್ದಳಂತೆ, ಗಂಡ ಬಾಗಿಲ ಚಿಲಕ ಹಾಕುತ್ತಿದ್ದರಂತೆ. ನಾನು ಮಾತ್ರ "ಕರ್ತನೇ" ಎಂದಷ್ಟೇ ಜೋರಾಗಿ ಅಂದು, ಎಲ್ಲರಿಗಿಂತ ಮೊದಲು ಗೊರಕೆ ಹೊಡೆದೆನಂತೆ.