ದೇವರಿಗೆ ಬಾಯಿ ಹುಣ್ಣು

ಬಾಯಿ ಹುಣ್ಣಿಗೆ ನನ್ನ ಮೇಲೆ ಅದೇನು ಪ್ರೀತಿಯೋ, ಒಂದು ಒಳ್ಳೆಯ ಕೆಲಸ ಇಟ್ಟುಕೊಂಡರೆ ಸಾಕು, ಕರೆಯದೆ ಬಂದು ಕೂರುತ್ತದೆ. ಮಗಳ ನಿಶ್ಚಿತಾರ್ಥದಲ್ಲಿ ಹೋಳಿಗೆ ಬಿಟ್ಟು ಬರೀ ಹಾಲು ಕುಡಿದವನು ನಾನು. ಈ ಸಲ ಬಂದದ್ದು ಸೋಮವಾರ. ಭಾನುವಾರ ಮುಂಬೈಯ ದಹಿಸರ್‌ನಲ್ಲಿ ನಮ್ಮ ಸಂಘದ ತಾಳಮದ್ದಳೆ. ವೇಷವಿಲ್ಲದೆ ಕೂತು ಬರೀ ಮಾತಿನಲ್ಲೇ ಪುರಾಣ ಆಡುವ ಆಟ ಅದು. ಹನ್ನೊಂದು ವರ್ಷ ದೂತ, ಚಾರಕ ಎಂದು ಎರಡೆರಡು ಮಾತಿನ ಪಾತ್ರ ಮಾಡಿದ ನನಗೆ ಮೊದಲ ಬಾರಿಗೆ ಸಂಧಾನಕ್ಕೆ ಬರುವ ದೇವರ ಪಾತ್ರ ಸಿಕ್ಕಿತ್ತು. ಎದುರಿಗೆ ಹಠಮಾರಿ ರಾಜನಾಗಿ ಒಬ್ಬ ನಿವೃತ್ತ ಮೇಷ್ಟ್ರು. ಅವರ ಮಾತಿಗೆ ಸಿಕ್ಕಿ ಸೋಲದವರಿಲ್ಲ. ನನ್ನ ನಾಲಿಗೆಯ ಅಂಚಿನಲ್ಲಿ ನೋಡಿದರೆ ಉದ್ದಿನಕಾಳಿನಷ್ಟು ಹುಣ್ಣು.

೧

ಗೋರೆಗಾಂವ್‌ನ ಉಡುಪಿ ಹೋಟೆಲೊಂದರಲ್ಲಿ ನಾನು ಮ್ಯಾನೇಜರ್. ಇಡ್ಲಿ ಬೇಯುವ ಮೊದಲೇ ಹುಣ್ಣಿನ ಸುದ್ದಿ ಅಡುಗೆಮನೆ ತುಂಬಾ ಹಬ್ಬಿತು. ಅಡುಗೆಯ ಭಟ್ಟರು ತುಪ್ಪ ಹಚ್ಚಿ ಎಂದರು. ಕಾಫಿ ಮಾಡುವವನು ಜೇನುತುಪ್ಪ ಎಂದ. ಪಾತ್ರೆ ತೊಳೆಯುವ ಅಕ್ಕ ಮಜ್ಜಿಗೆ ಕುಡಿಯಲು ಹೇಳಿದರು. ಯಾರ ಮನಸ್ಸೂ ನೋಯಿಸಬಾರದೆಂದು ಎಲ್ಲವನ್ನೂ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಹುಣ್ಣು ಹಾಗೆಯೇ ಇತ್ತು, ಹೊಟ್ಟೆ ಕೆಟ್ಟಿತ್ತು.

೨

ನಮ್ಮ ಹೋಟೆಲಿನಲ್ಲಿ ಒಂದು ಪದ್ಧತಿ. ಬೆಳಿಗ್ಗೆ ನಾನು ರುಚಿ ನೋಡಿ ಸೈ ಅಂದಮೇಲೆಯೇ ಸಾಂಬಾರು ಹೊರಗೆ ಹೋಗುವುದು. ಮಂಗಳವಾರ ಒಂದು ಚಮಚ ಬಾಯಿಗಿಟ್ಟೆ. ಕಣ್ಣಲ್ಲಿ ನೀರು ಬಂತು. "ಭಟ್ರೇ, ಖಾರ ಜಾಸ್ತಿ!" ಬುಧವಾರವೂ ಅದೇ ರಾಗ. ಪಾಪ, ಭಟ್ಟರು ದಿನಾ ಮೆಣಸು ಕಡಿಮೆ ಮಾಡುತ್ತಾ ಹೋದರು. ಗುರುವಾರ ನನಗೆ ಅಮೃತದಂತಿತ್ತು. ಆವತ್ತು ಜೋಗೇಶ್ವರಿಯಿಂದ ದಿನಾ ಲೋಕಲ್ ರೈಲು ಹಿಡಿದು ಬರುವ ವಿಜಯಪುರದ ಗಿರಾಕಿಯೊಬ್ಬರು ಬಟ್ಟಲು ಎತ್ತಿಕೊಂಡು ಗಲ್ಲಾಕ್ಕೇ ಬಂದರು.

"ಏನ್ರೀ ಮ್ಯಾನೇಜರ್ರ, ಇದು ಇಡ್ಲಿಗೋ, ತೊಟ್ಟಿಲದಾಗಿನ ಕೂಸಿಗೋ?"

೩

ಶುಕ್ರವಾರ ಹೋಟೆಲಿನ ಮೇಲಿನ ಮಹಡಿಯ ಹಲ್ಲಿನ ಡಾಕ್ಟರ ಬಳಿ ಹೋದೆ. ಒಂದು ಹಲ್ಲಿನ ಚೂಪು ಅಂಚು ನಾಲಿಗೆಗೆ ತಾಗುತ್ತಿದೆ, ಪದೇ ಪದೇ ಹುಣ್ಣಾಗಲು ಅದೇ ಕಾರಣ ಎಂದು ಅದನ್ನು ನುಣುಪು ಮಾಡಿದರು. ಮೆತ್ತಗಿನ ಬ್ರಶ್, ಉಪ್ಪುನೀರಿನಲ್ಲಿ ಮುಕ್ಕಳಿಸುವುದು, ನೋವು ತಿಳಿಯದಂತೆ ಮರಗಟ್ಟಿಸುವ ಒಂದು ಜೆಲ್ ಎಂದು ಬರೆದುಕೊಟ್ಟರು. "ಔರ್ ಹೋಟೆಲ್ ಕಾ ಖಾನಾ ಏಕ್‌ದಮ್ ಬಂದ್!" ಎಂದು ಹೋಟೆಲ್ ಊಟವನ್ನೇ ನಿಲ್ಲಿಸಲು ಗದರಿದರು. ಅಷ್ಟರಲ್ಲಿ ಅವರ ನರ್ಸ್ ಪಾರ್ಸೆಲ್ ತಂದಿಟ್ಟಳು. ನಮ್ಮದೇ ಮಸಾಲೆ ದೋಸೆ. ಡಾಕ್ಟರು ಸಾಂಬಾರಿನ ಪೊಟ್ಟಣ ಎತ್ತಿ ತೋರಿಸಿ, ಈ ವಾರ ಯಾಕೆ ಖಾರವೇ ಇಲ್ಲ ಎಂದು ಇನ್ನೊಮ್ಮೆ ಗದರಿದರು.

೪

ಭಾನುವಾರಕ್ಕೆ ಹುಣ್ಣು ಅರ್ಧ ವಾಸಿಯಾಗಿತ್ತು, ಅಷ್ಟೆ. "ಹನ್ನೊಂದು ವರ್ಷ ಕಾದದ್ದು ಎಂತಕ್ಕೆ ಮಾರಾಯ್ರೆ? ಜೆಲ್ ಹಚ್ಚಿ, ಹೋಗಿ ಕೂತುಕೊಳ್ಳಿ," ಎಂದಳು ಹೆಂಡತಿ. ಕಡಲೆಕಾಳಿನಷ್ಟು ಹಚ್ಚಬೇಕಾದ ಜೆಲ್ಲನ್ನು ಧೈರ್ಯಕ್ಕೆಂದು ದೋಸೆಗೆ ಚಟ್ನಿ ಬಳಿದ ಹಾಗೆ ಬಳಿದುಕೊಂಡೆ. ಹಾಡುವ ಭಾಗವತರ ಮೊದಲ ಪದ್ಯ ಮುಗಿಯುವಷ್ಟರಲ್ಲಿ ನಾಲಿಗೆ ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಮಾತು ಹೊರಡದು! ನನ್ನ ಹನ್ನೊಂದು ವರ್ಷ ನೀರುಪಾಲಾಯಿತೆಂದು ಅಳು ಬಂತು.

"ಐದು ಊರು ನಾನೇಕೆ ಕೊಡಬೇಕು?" ರಾಜನಾದ ಮೇಷ್ಟ್ರು ಗುಡುಗಿದರು. ಬೇರೆ ದಾರಿ ಕಾಣದೆ ಮುಗುಳ್ನಕ್ಕೆ. "ನಗುವುದೇಕೆ?" ಮತ್ತೆ ನಕ್ಕೆ. ಎದುರಾಳಿಯ ಮಾತನ್ನೇ ಹಿಡಿದು ಎಳೆಯುವುದು ಮೇಷ್ಟ್ರ ಪಟ್ಟು. ಹಿಡಿಯಲು ಇಲ್ಲಿ ಮಾತೇ ಇಲ್ಲ. ತಾವೇ ಕೇಳಿ, ತಾವೇ ಉತ್ತರ ಹೇಳಿ, ಮುಕ್ಕಾಲು ಗಂಟೆಯಲ್ಲಿ ಬೆವರಿ, "ದೇವರೇ, ಇನ್ನು ನನ್ನಲ್ಲಿ ಮಾತಿಲ್ಲ," ಎಂದು ಕೈಮುಗಿದುಬಿಟ್ಟರು. ಚಪ್ಪಾಳೆಯೋ ಚಪ್ಪಾಳೆ. ಇಷ್ಟು ಗಂಭೀರವಾದ ದೇವರನ್ನು ಮುಂಬೈ ಕಂಡಿಲ್ಲ ಎಂದರು ಭಾಗವತರು. ಖುಷಿಯಲ್ಲಿ ನನ್ನ ಕಣ್ಣು ತುಂಬಿತು.

ಸಂಘದ ಅಧ್ಯಕ್ಷರು ಶಾಲು ಹೊದಿಸಿ, "ಬರುವ ವರ್ಷವೂ ದೇವರು ನೀವೇ. ಹೀಗೇ ಆಗಬೇಕು," ಎಂದರು.

ಆಟ ನೋಡಲು ಬಂದಿದ್ದ ಹೆಂಡತಿ ನಿಜ ಹೇಳಿಯೇಬಿಟ್ಟಳು. "ಅದೆಲ್ಲ ಹುಣ್ಣಿನ ಮಹಿಮೆ. ಇನ್ನು ಇವರಿಗೆ ಹುಣ್ಣಾಗ್ಲಿಕ್ಕಿಲ್ಲ, ಡಾಕ್ಟ್ರು ಹಲ್ಲಿನ ಚೂಪೇ ತೆಗೆದಿದ್ದಾರೆ."

ಅಧ್ಯಕ್ಷರು ಜೇಬಿನಿಂದ ಫೋನ್ ತೆಗೆದರು.

"ಆ ಡಾಕ್ಟ್ರ ನಂಬರ್ ಕೊಡಿ ಮಾರಾಯ್ರೆ. ವಾಪಸ್ ಚೂಪು ಮಾಡ್ಲಿಕ್ಕೆ ಆಗ್ತದಾ ಕೇಳುವ."