ಹಾಜಿಯವರು ಟಿ.ವಿ.ಗೆ ಬೆನ್ನು ಹಾಕಿ ಕೂತದ್ದು

ಮನೆಗೆ ಟಿ.ವಿ. ಕೊಳ್ಳಲು ಬಂದವರು ನನ್ನನ್ನು ನಗಿಸಿದ್ದು ಕಡಿಮೆ, ಅಂಗಡಿಗೆ ಟಿ.ವಿ. ಬೇಕು ಎಂದು ಬಂದವರು ನಗಿಸದೆ ಹೋದದ್ದೇ ಇಲ್ಲ. ಬಂಟ್ವಾಳ ಪೇಟೆಯಲ್ಲಿ ಟಿ.ವಿ. ಮಾರುವುದು, ರಿಪೇರಿ ಮಾಡುವುದು, ಗಿರಾಕಿಯ ಮನೆಯ ಮಾಡು ಹತ್ತಿ ಆಂಟೆನಾ ತಿರುಗಿಸುವುದು, ಇಷ್ಟನ್ನೇ ಮಾಡಿಕೊಂಡು ಇಪ್ಪತ್ತು ಮಳೆಗಾಲ ಕಳೆದವನು ನಾನು. ಅಂಗಡಿಯಲ್ಲಿ ಟಿ.ವಿ. ಇಟ್ಟು ಜನರನ್ನು ಸೆಳೆಯುವುದಕ್ಕೆ ಆಮೇಲಾಮೇಲೆ ಕಂಪೆನಿಯವರು ಡಿಜಿಟಲ್ ಸೈನೇಜ್ ಎಂದು ಹೆಸರಿಟ್ಟರು. ಅದಕ್ಕೆ ಟಿ.ವಿ. ಆರಿಸುವುದು ಹೇಗೆ ಎಂದು ಹೊಳೆಯುವ ಕಾಗದದಲ್ಲಿ ಪುಸ್ತಕ ಮಾಡಿ ನನಗೂ ಒಂದು ಕಳಿಸಿದರು. ನಾನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದೆ. ಅದರಲ್ಲಿದ್ದ ಮುಕ್ಕಾಲು ಪಾಲನ್ನು ನಮ್ಮ ಪೇಟೆಯ ಒಬ್ಬ ಜವಳಿ ವ್ಯಾಪಾರಿ ತೊಂಬತ್ತರ ದಶಕದಲ್ಲೇ ನನಗೆ ಕಲಿಸಿಬಿಟ್ಟಿದ್ದರು. ಆಗ ನಾನು ಅವರಿಗೆ ಕಲಿಸುತ್ತಿದ್ದೇನೆ ಎಂದುಕೊಂಡಿದ್ದೆ, ಅದು ಬೇರೆ ಮಾತು.

೧. ಕಂಪೆನಿಯ ಕಾಗದದಲ್ಲಿ ಇಲ್ಲದ ಪ್ರಶ್ನೆ

ಅವರನ್ನು ಪೇಟೆಯೆಲ್ಲ ಹಾಜಿಯವರು ಎಂದೇ ಕರೆಯುತ್ತಿತ್ತು. ಅವರದು ಮದುವೆ ಸೀರೆಗಳ ಅಂಗಡಿ. ಬ್ಯಾರಿ, ಬಂಟ, ಕೊಂಕಣಿ, ಯಾರ ಮನೆಯಲ್ಲಿ ಮದುವೆಯಾದರೂ ಸೀರೆ ಅವರ ಗಾದಿಯ ಮೇಲೆ ಹರಡಲೇಬೇಕಿತ್ತು. ಆದರೆ ಬಸ್ಸುಗಳೆಲ್ಲ ಹೆದ್ದಾರಿಯ ಬಿ.ಸಿ.ರೋಡಿನಲ್ಲೇ ಜನರನ್ನು ಇಳಿಸಲು ಸುರು ಮಾಡಿದ ಮೇಲೆ ಪೇಟೆಯ ಒಳಗೆ ಬರುವವರು ಕಡಿಮೆಯಾದರು. ಹಾಜಿಯವರ ಅಣ್ಣ ಬಿ.ಸಿ.ರೋಡಿನಲ್ಲಿ ಸಿದ್ಧ ಉಡುಪಿನ ಅಂಗಡಿ ಹಾಕಿದ್ದರು. ಪೇಟೆಯ ಕಟ್ಟಡ ಇಬ್ಬರಿಗೂ ಸೇರಿದ್ದು. ಅಣ್ಣ ತಮ್ಮನಿಗೆ ಒಂದೇ ಮಾತು ಹೇಳುತ್ತಿದ್ದರು: "ಸರಕು ಸರಿ ಉಂಟು. ಜಾಗ ಸರಿಯಿಲ್ಲ. ರೋಡಿಗೆ ಬಂದುಬಿಡು." ಹಾಜಿಯವರಿಗೆ ತಂದೆ ಕೂತ ಗಾದಿ ಬಿಟ್ಟು ಏಳಲು ಮನಸ್ಸಿಲ್ಲ. ಇನ್ನೊಂದು ಮದುವೆ ಸೀಸನ್ ನೋಡುವ, ಜನ ಬಾರದಿದ್ದರೆ ಬಾಗಿಲು ಹಾಕುವ ಎಂದು ಅಣ್ಣನಿಗೆ ಮಾತು ಕೊಟ್ಟು ನೇರ ನನ್ನಲ್ಲಿಗೆ ಬಂದರು.

"ನನಗೊಂದು ಟಿ.ವಿ. ಬೇಕು. ನೋಡಲಿಕ್ಕೆ ಅಲ್ಲ," ಎಂದರು.

ನಾನು ಬಿಡುತ್ತೇನೆಯೇ? ಪಿಕ್ಚರ್ ಟ್ಯೂಬು, ಸ್ಪೀಕರು, ಚಾನೆಲ್ಲು, ರಿಮೋಟು ಎಲ್ಲದರ ಬಗ್ಗೆ ಅರ್ಧ ಗಂಟೆ ಭಾಷಣ ಬಿಗಿದೆ. ಅವರು ಟೊಪ್ಪಿ ತೆಗೆದು ಮಡಿಲಲ್ಲಿಟ್ಟುಕೊಂಡು ತಾಳ್ಮೆಯಿಂದ ಕೇಳಿದರು. ಕೊನೆಗೆ, ಇದರ ಎದುರು ನಿಂತ ಮನುಷ್ಯ ಆಮೇಲೆ ಏನು ಮಾಡ್ತಾನೆ ಎಂದು ಕೇಳಿದರು. ನನಗೆ ಇಂಥ ಪ್ರಶ್ನೆ ಅದುವರೆಗೆ ಯಾರೂ ಕೇಳಿರಲಿಲ್ಲ. ಟಿ.ವಿ.ಯ ಜೊತೆ ಬಂದ ಕಂಪೆನಿಯ ಕಾಗದವನ್ನು ತಿರುಗಿಸಿ ನೋಡಿದೆ, ಅದರಲ್ಲೂ ಇರಲಿಲ್ಲ. ನಮ್ಮ ಮಾಲಿನ ಮಾನ ಉಳಿಸಬೇಕಲ್ಲ, ಚಿತ್ರ ಅಷ್ಟು ಚೆಂದ ಬರುವಾಗ ಅವನು ಅಲ್ಲಿಂದ ಕದಲುವುದೇ ಇಲ್ಲ ಎಂದೆ.

ಹಾಗಾದರೆ ಅದು ಬೇಡ ಎಂದು ಅವರು ಟೊಪ್ಪಿ ಹಾಕಿಕೊಂಡು ಎದ್ದರು.

೨. ಮೂಡುಬಿದಿರೆಯ ಒಂದು ಚಹಾ

ಎದ್ದವರು ಹೊಸ್ತಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದರು. ಒಂದು ಸಂಬಂಧ ಬಂದರೆ ನಾವು ಮನೆಯವರ ಮಾತು ನಂಬಿ ಒಪ್ಪಿಗೆ ಕೊಡುವುದುಂಟಾ? ನೆರೆಕರೆಯಲ್ಲಿ ವಿಚಾರಿಸುವುದಿಲ್ಲವಾ? ಅಂಗಡಿಗಳಿಗೆ ಹೋದ ಟಿ.ವಿ.ಗಳು ಹೇಗೆ ಬಾಳುತ್ತಿವೆ ಎಂದು ನಾವೂ ಹೋಗಿ ನೋಡಿಕೊಂಡು ಬರುವ ಎಂದರು.

ಹಾಗೆ ಟಿ.ವಿ.ಯ ನಡತೆ ವಿಚಾರಿಸಲು ನಾವಿಬ್ಬರೂ ಬಸ್ಸು ಹತ್ತಿದೆವು. ಮೂಡುಬಿದಿರೆಯ ಒಂದು ಹೋಟೆಲಿನಲ್ಲಿ ದೊಡ್ಡ ಟಿ.ವಿ. ಇಟ್ಟಿದ್ದಾರೆ, ಕಾಲಿಡಲು ಜಾಗ ಇರುವುದಿಲ್ಲ ಎಂಬ ಸುದ್ದಿ ಇತ್ತು. ಹೋದರೆ ನಿಜವೇ. ಕ್ರಿಕೆಟ್ ನಡೆಯುತ್ತಿತ್ತು. ನಾನು ಟಿ.ವಿ.ಯ ಕಡೆ ಮುಖ ಮಾಡಿ ಕೂತೆ, ಬಣ್ಣ ಸ್ವಲ್ಪ ಹೆಚ್ಚಿಟ್ಟಿದ್ದಾರೆ ಎಂದು ಮನಸ್ಸಿನಲ್ಲೇ ತಪ್ಪು ಹುಡುಕಿದೆ. ಹಾಜಿಯವರು ಎದುರಿನ ಬೆಂಚಿನಲ್ಲಿ ಟಿ.ವಿ.ಗೆ ಬೆನ್ನು ಹಾಕಿ ಕೂತರು. ಎರಡು ಚಹಾ, ಎರಡು ಬನ್ಸ್ ತರಿಸಿ ಜನರ ಮುಖಗಳನ್ನೇ ನೋಡುತ್ತಾ ಉಳಿದರು. ಟಿ.ವಿ. ನೋಡಲು ಬಂದು ಅದಕ್ಕೆ ಬೆನ್ನು ಹಾಕಿದವರನ್ನು ನಾನು ಕಂಡದ್ದು ಅದೇ ಮೊದಲು.

ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ಬಾಗಿ ಪಿಸುಗುಟ್ಟಿದರು. ನೀಲಿ ಅಂಗಿಯವನ ಲೋಟ ಖಾಲಿಯಾಗಿ ಎಷ್ಟೋ ಹೊತ್ತಾಯಿತು. ಗೋಡೆಯ ಹತ್ತಿರದ ಮೂವರು ಏನೂ ತರಿಸಲೇ ಇಲ್ಲ. ಸಪ್ಲಾಯರ್ ಕೂಡ ಸಾಂಬಾರಿನ ಸೌಟು ಹಿಡಿದುಕೊಂಡು ಪರದೆ ನೋಡುತ್ತಿದ್ದಾನೆ. ಈ ಟಿ.ವಿ. ಹೋಟೆಲಿನವರದ್ದಲ್ಲ ಮಾರಾಯ್ರೆ, ಗಿರಾಕಿಗಳದ್ದು ಎಂದರು. ತೋರಿಸುವುದು ತುಂಬಾ ಒಳ್ಳೆಯದಾದರೆ ಅಂಗಡಿಯವನ ವ್ಯಾಪಾರ ಅಷ್ಟಕ್ಕಷ್ಟೆ ಎಂಬುದು ನನ್ನ ತಲೆಗೂ ಹೋಯಿತು. ಎಂಥ ತಲೆ ಈ ಮನುಷ್ಯನದ್ದು ಎಂದು ನಾನು ಮೆಚ್ಚುತ್ತಿರುವಾಗಲೇ ಹೋಟೆಲಿನ ಯಜಮಾನರು ಗಲ್ಲಾ ಬಿಟ್ಟು ಎದ್ದು ಬಂದರು.

ಒಂದೊಂದು ಚಹಾಕ್ಕೆ ಇಷ್ಟು ಹೊತ್ತು ಕೂತವರು ಇವತ್ತು ನೀವಿಬ್ಬರೇ, ಏಳುವಿರಾ ಎಂದು ಕೇಳಿದರು.

೩. ಬೆಳ್ತಂಗಡಿಯ ಕ್ಲಿಯರ್ ಚಿತ್ರ

ಮುಂದಿನ ವಾರ ಬೆಳ್ತಂಗಡಿ. ಅಲ್ಲಿ ಒಂದು ಪಾತ್ರೆ ಅಂಗಡಿಯವರು ಟಿ.ವಿ.ಯನ್ನು ರಸ್ತೆಗೇ ಮುಖ ಮಾಡಿ ಇಟ್ಟಿದ್ದರು. ಹಾಜಿಯವರು ಪಾತ್ರೆ ಅಂಗಡಿಗೆ ಹೋಗಲಿಲ್ಲ. ಪಕ್ಕದ ಕ್ಷೌರದಂಗಡಿಗೆ ಹೋಗಿ, ಬೇಕಿಲ್ಲದಿದ್ದರೂ ಗಡ್ಡ ನೇರ್ಪು ಮಾಡಿಸಲು ಕೂತರು. ವಿಚಾರಣೆಯೆಂದರೆ ನೆರೆಮನೆಯಲ್ಲೇ ಆಗಬೇಕು.

ಕ್ಷೌರದವನಿಗೆ ಅಷ್ಟೇ ಸಾಕಿತ್ತು. ಕತ್ತರಿ ಬಿಟ್ಟು ದೂರು ಹೇಳತೊಡಗಿದ. ಆ ಟಿ.ವಿ.ಯ ಗಾಜಿಗೆ ಬೆಳಗ್ಗಿನಿಂದ ಬಿಸಿಲು ಹೊಡೆಯುತ್ತದೆ, ಚಿತ್ರ ಕಾಣುವುದೇ ಇಲ್ಲ, ರಸ್ತೆಯೇ ಕಾಣುತ್ತದೆ. ಜನ ಅದರ ಎದುರು ನಿಂತು ತಲೆ ಬಾಚಿಕೊಳ್ಳುತ್ತಾರೆ. ತನ್ನಲ್ಲಿ ಕೂದಲು ತೆಗೆಸಿದವರೂ ತನ್ನ ಕನ್ನಡಿ ನಂಬದೆ ಅಲ್ಲಿ ಹೋಗಿ ಇನ್ನೊಮ್ಮೆ ನೋಡಿಕೊಂಡು ಬಂದು, ಎಡಗಡೆ ಸ್ವಲ್ಪ ಹೆಚ್ಚಾಯಿತು ಎನ್ನುತ್ತಾರೆ.

ನಾವು ಹೊರಗೆ ನಿಂತು ನೋಡಿದೆವು. ಕಾಲೇಜು ಹುಡುಗಿಯರು ಮುಡಿದ ಮಲ್ಲಿಗೆ ಸರಿಮಾಡಿಕೊಂಡರು. ಒಬ್ಬರು ಗಂಭೀರ ವಕೀಲರು ಅತ್ತಿತ್ತ ನೋಡಿ ಮೀಸೆ ತಿರುವಿಕೊಂಡರು. ಎಲ್ಲರೂ ನಿಲ್ಲುತ್ತಾರೆ, ಒಬ್ಬರೂ ತಪ್ಪಿಸುವುದಿಲ್ಲ. ನನಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ಹಾಜಿಯವರು ಮಾತ್ರ ನಗದೆ ಯೋಚಿಸುತ್ತಿದ್ದರು. ಜನರಿಗೆ ತಮ್ಮ ಮುಖಕ್ಕಿಂತ ಇಷ್ಟವಾದ ಪ್ರೋಗ್ರಾಂ ಯಾವುದೂ ಇಲ್ಲ, ನಾವು ಅದನ್ನೇ ಹಾಕುವ ಎಂದರು.

ಹೊರಡುವ ಮೊದಲು ಅವರೂ ಟಿ.ವಿ.ಯ ಎದುರು ಹೋಗಿ, ಹೊಸದಾಗಿ ನೇರ್ಪಾದ ಗಡ್ಡ ನೀವಿಕೊಂಡು, "ಚಿತ್ರ ಕ್ಲಿಯರ್ ಉಂಟು," ಎಂದರು.

೪. ನೆರೆಯ ಗೆರೆ

ಕೊನೆಗೆ ಇಪ್ಪತ್ತೊಂಬತ್ತು ಇಂಚಿನ ಟಿ.ವಿ. ಒಂದನ್ನು ಆರಿಸಿದೆವು. ಬಿಸಿಲು ಬೀಳದ ಗೋಡೆಯನ್ನೂ ಗೊತ್ತು ಮಾಡಿದೆವು. ಟಿ.ವಿ. ಕಣ್ಣಿನ ಮಟ್ಟಕ್ಕೆ ಇರಬೇಕು, ಕುತ್ತಿಗೆಗೆ ಸುಖ ಎಂದು ನಾನು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಹಾಜಿಯವರು ಅದರ ಮೇಲೆ, ನನ್ನ ತಲೆಗಿಂತ ಎತ್ತರದಲ್ಲಿದ್ದ ಒಂದು ಕೆಂಪು ಗೆರೆ ತೋರಿಸಿದರು. ಹಿಂದೊಮ್ಮೆ ನೇತ್ರಾವತಿ ಅಂಗಡಿಯ ಒಳಗೆ ಬಂದಾಗ ನೀರು ನಿಂತ ಮಟ್ಟ ಅದು, ಅವರ ತಂದೆ ಬರೆಸಿಟ್ಟದ್ದು.

"ಕಣ್ಣಿನ ಮಟ್ಟ ನಿಮಗೆ ಗೊತ್ತುಂಟು. ಹೊಳೆಯ ಮಟ್ಟ ನನಗೆ ಗೊತ್ತುಂಟು," ಎಂದರು.

ಟಿ.ವಿ. ಕೆಂಪು ಗೆರೆಯ ಮೇಲೆ ಹೋಯಿತು. ಬಂದ ಹೆಂಗಸರೆಲ್ಲ ಕೊಕ್ಕರೆಗಳ ಹಾಗೆ ಕುತ್ತಿಗೆ ಎತ್ತಿ ನಿಂತರು. ನನಗೆ ನಾಚಿಕೆಯಾಗಿ, ನನ್ನ ಹೆಸರು ಯಾರಿಗೂ ಹೇಳಬೇಡಿ ಎಂದು ಕೇಳಿಕೊಂಡೆ. ಆಮೇಲೆ ಒಂದು ದಿನ ಅಲ್ಲಿ ಸುಮ್ಮನೆ ಕೂತಿದ್ದಾಗ ಗಮನಿಸಿದೆ. ಕುತ್ತಿಗೆ ಎತ್ತಿದ ಹೆಂಗಸರು ಟಿ.ವಿ.ಯ ಆಚೀಚೆಯ ಕಪಾಟುಗಳಿಗೆ ಕೈ ತೋರಿಸಿ, ಅದನ್ನು ಇಳಿಸಿ, ಇದನ್ನು ಇಳಿಸಿ ಎನ್ನುತ್ತಿದ್ದರು. ನೆರೆಯ ಹೆದರಿಕೆಗೆ ಹಾಜಿಯವರ ತಂದೆಯ ಕಾಲದಿಂದಲೂ ಬೆಲೆಬಾಳುವ ರೇಷ್ಮೆ ಸೀರೆಗಳಿದ್ದದ್ದು ಕೆಂಪು ಗೆರೆಯ ಮೇಲೆಯೇ. ಕೆಳಗಿನ ಸಾದಾ ಸೀರೆಗಳನ್ನು ಕೇಳುವವರೇ ಇಲ್ಲ.

ಇನ್ನು ಮೇಲೆ ನನ್ನ ಹೆಸರು ಎಲ್ಲರಿಗೂ ಹೇಳಿ ಎಂದೆ.

೫. ಕರೆಂಟು ಇಲ್ಲದ ದಿನ

ಏನು ತೋರಿಸುವುದು ಎಂಬುದರಲ್ಲೂ ನಾನು ಸೋತೆ. ಕಂಪೆನಿಯವರು ಟಿ.ವಿ.ಯ ಜೊತೆ ಕೊಟ್ಟ ವಿಡಿಯೋ ಕ್ಯಾಸೆಟ್ ಒಂದಿತ್ತು. ಜಲಪಾತ, ಹಿಮದ ಬೆಟ್ಟ, ಹೆಸರು ಗೊತ್ತಿಲ್ಲದ ಹೂಗಳು. ಮೊದಲ ಎರಡು ದಿನ ಅದನ್ನು ಹಾಕಿದರೆ ಬಂದವರು ಒಮ್ಮೆ ಕುತ್ತಿಗೆ ಎತ್ತಿ ಇಳಿಸಿದರು, ಪೂರ್ತಿ ನೋಡಿದವನು ಅಂಗಡಿಯ ಜಗಲಿಯಲ್ಲಿ ಕೂರುವ ಟೈಲರ್ ಒಬ್ಬನೇ, ಅವನೂ ಒಂದು ರವಿಕೆಗೆ ಎರಡು ಎಡಗೈ ಹೊಲಿದಿಟ್ಟ. ಹಾಜಿಯವರು ಕ್ಯಾಸೆಟ್ ತೆಗೆದು ಬಾಗಿಲಲ್ಲಿ ಬೋರ್ಡು ಹಾಕಿಸಿದರು: ನಮ್ಮಲ್ಲಿ ಮದುವೆ ಸೀರೆ ತೆಗೆದವರು ಮದುವೆಯ ಕ್ಯಾಸೆಟ್ ತಂದರೆ ಶನಿವಾರ ಟಿ.ವಿ.ಯಲ್ಲಿ ಹಾಕಲಾಗುವುದು, ಮನೆಯ ಹೆಂಗಸರ ಒಪ್ಪಿಗೆ ಇದ್ದರೆ ಮಾತ್ರ.

ಮದುವೆ ಮನೆಯವರೇನು ಒಬ್ಬಿಬ್ಬರಾ? ಅಳದಂಗಡಿ ಊರಿನಿಂದ ಒಂದು ದಿಬ್ಬಣದಷ್ಟು ಜನ ಬಂದರು. ಪರದೆಯಲ್ಲಿ ತಮ್ಮನ್ನು ಕಂಡು ಕೂಗಿದರು, ಊಟದ ಪಂಕ್ತಿಯಲ್ಲಿ ತಾವು ಕಾಣಿಸದಿದ್ದವರು ಕ್ಯಾಸೆಟ್ ಹಿಂದೆ ತಿರುಗಿಸಿ ಎಂದು ಹಟ ಹಿಡಿದರು. ನಾದಿನಿಯ ಸೀರೆ ತನ್ನದಕ್ಕಿಂತ ಚೆಂದ ಎಂದು ಎಲ್ಲರೆದುರು ಸಾಬೀತಾದ ಮೇಲೆ ಒಬ್ಬ ಹೆಂಗಸು ಗಂಡನ ಮುಖ ನೋಡಿದರು, ಗಂಡ ಗಾದಿಯ ಕಡೆ ನಡೆದರು. ಶನಿವಾರವೆಂದರೆ ಪೇಟೆಗೆ ಹಬ್ಬ ಎನ್ನುವ ಹಾಗಾಯಿತು. ಒಳಗೆ ಹಾಜಿಯವರಿಗೆ ಅಳುಕು ಇದ್ದೇ ಇತ್ತು. ಸೀಸನ್ ಮುಗಿಯುತ್ತ ಬಂದಿತ್ತು, ಅಣ್ಣ ಯಾವಾಗ ಬಂದು ಏನು ಹೇಳುತ್ತಾರೋ ಎಂದು ನನ್ನಲ್ಲಿ ಎರಡು ಸಲ ಹೇಳಿಕೊಂಡಿದ್ದರು.

ಅಣ್ಣ ಬಂದದ್ದೂ ಒಂದು ಶನಿವಾರವೇ. ಆ ದಿನ ಬೆಳಗ್ಗಿನಿಂದ ಕರೆಂಟು ಇಲ್ಲ. ಹಾಜಿಯವರ ಮುಖ ಬಾಡಿತ್ತು. ಟಿ.ವಿ.ಗೆ ಏನಾದರೂ ಆದೀತು ಎಂದು ನನ್ನನ್ನೂ ಕರೆಸಿ ಕೂರಿಸಿಕೊಂಡಿದ್ದರು. ಕರೆಂಟು ಇಲ್ಲದೆ ನಾನು ಮಾಡುವುದಾದರೂ ಏನು? ಅಣ್ಣ ಹೊಸ್ತಿಲವರೆಗೆ ಬಂದರು, ಒಳಗೆ ಬರಲು ದಾರಿ ಇಲ್ಲ. ನೆರಿಯ ಗ್ರಾಮದಿಂದ ಎರಡು ಜೀಪು ತುಂಬ ಬಂದ ಮದುವೆ ಮನೆಯವರು ನೆಲದ ಮೇಲೆ, ಬೆಂಚಿನ ಮೇಲೆ, ಜಗಲಿಯಲ್ಲಿ ಕೂತು, ಎಲ್ಲರೂ ಕುತ್ತಿಗೆ ಎತ್ತಿ ಕಪ್ಪಗಿದ್ದ ಟಿ.ವಿ.ಯನ್ನೇ ನೋಡುತ್ತಿದ್ದರು.

ಅಣ್ಣನಿಗೆ ಕಣ್ಣನ್ನೇ ನಂಬಲಾಗಲಿಲ್ಲ. ಬಾಗಿಲ ಬಳಿ ಕೂತ ಅಜ್ಜಿಯೊಬ್ಬರನ್ನು, ಟಿ.ವಿ.ಯಲ್ಲಿ ಏನೂ ಇಲ್ಲವಲ್ಲ, ಏನು ನೋಡುತ್ತಿದ್ದೀರಿ ಎಂದು ತುಳುವಿನಲ್ಲಿ ಕೇಳಿದರು. ಮೊಮ್ಮಗಳ ಮದುವೆ ಬರುವುದುಂಟು ಎಂದರು ಅಜ್ಜಿ. ಮಡಿಲಲ್ಲಿದ್ದ ಆ ಕಟ್ಟು ಏನು ಎಂದದ್ದಕ್ಕೆ, ಬೆಳಗ್ಗಿನಿಂದ ಸುಮ್ಮನೆ ಕೂತು ಬೇಜಾರಾಗಿ ಸೊಸೆಯಂದಿರು ತಲಾ ಎರಡು ಸೀರೆ ತೆಗೆದರು ಎಂದರು. ಆಮೇಲೆ ಕಟ್ಟಡದ ಅರ್ಧ ಯಜಮಾನನನ್ನು ಕೈಯಿಂದ ಬದಿಗೆ ತಳ್ಳಿ, "ಆಚೆ ನಿಲ್ಲಿ ಮಾರಾಯ್ರೆ, ಕರೆಂಟು ಬಂದರೆ ನಮಗೆ ಕಾಣುವುದಿಲ್ಲ," ಎಂದರು.

ಅಣ್ಣ ಆಚೆ ನಿಂತರು. ಗಾದಿಯ ಮೇಲೆ ಹಾಜಿಯವರು ಎರಡು ಕೈಯಲ್ಲಿ ಸೀರೆ ಬಿಡಿಸುತ್ತಿದ್ದರು, ತಲೆ ಎತ್ತಲು ಪುರುಸೊತ್ತಿರಲಿಲ್ಲ. ತುಂಬಾ ಹೊತ್ತು ಅದನ್ನೇ ನೋಡಿ ಅಣ್ಣ ನನ್ನ ಬಳಿ ಬಂದರು. ಬಾಗಿಲು ಹಾಕುವ ಮಾತನ್ನು ಅವರು ಅಂದು ಎತ್ತಲಿಲ್ಲ, ಮುಂದೆಯೂ ಎತ್ತಲಿಲ್ಲ. ಈ ಟಿ.ವಿ. ಯಾವ ಕಂಪೆನಿಯದ್ದು, ನನ್ನ ಅಂಗಡಿಗೂ ಇಂಥದ್ದೇ ಒಂದು ಬೇಕು ಎಂದರು.

ಅದು ಚಾಲೂ ಇದ್ದದ್ದನ್ನು ಅವರು ಇನ್ನೂ ನೋಡಿರಲೇ ಇಲ್ಲ.

೬. ಬಿ.ಸಿ.ರೋಡಿನ ರಿಪೇರಿ

ಅದೇ ಕಂಪೆನಿ, ಅದೇ ಇಪ್ಪತ್ತೊಂಬತ್ತು ಇಂಚು, ಅದೇ ಎತ್ತರ. ಜಲಪಾತದ ಕ್ಯಾಸೆಟ್ಟನ್ನೂ ನಾನು ಸಂತೋಷದಿಂದ ಅವರಿಗೇ ದಾಟಿಸಿದೆ. ತಿಂಗಳು ಕಳೆಯುವ ಮೊದಲೇ ಅಣ್ಣನಿಂದ ಫೋನು. ಟಿ.ವಿ.ಯಲ್ಲಿ ಏನೋ ದೋಷ ಉಂಟು, ತಮ್ಮನದ್ದು ಆಫ್ ಇದ್ದರೂ ಜನ ಬರುತ್ತಾರೆ, ನನ್ನದು ಇಡೀ ದಿನ ಆನ್ ಇದ್ದರೂ ಒಬ್ಬ ನಿಲ್ಲುವುದಿಲ್ಲ, ಬಂದು ನೋಡಿ ಎಂದರು.

ನಾನು ಸಾಮಾನಿನ ಚೀಲ ಹಿಡಿದು ಹೊರಟೆ. ಹಾಜಿಯವರೂ ಬರುತ್ತೇನೆ ಎಂದು ಜೊತೆಗೆ ಬಂದರು. ನಾನು ಏಣಿ ಹತ್ತಿ ಟಿ.ವಿ.ಯ ಹಿಂಬದಿ ಬಿಚ್ಚಿದೆ, ಮೀಟರ್ ಇಟ್ಟು ಒಂದೊಂದನ್ನೇ ನೋಡಿದೆ, ಮತ್ತೆ ಮುಚ್ಚಿದೆ. ಎಲ್ಲಿಯೂ ಏನೂ ಆಗಿರಲಿಲ್ಲ. ಜಲಪಾತ ಚೆಂದವಾಗಿ ಬೀಳುತ್ತಿತ್ತು. ಏಣಿಯ ಮೇಲಿಂದ ತಿರುಗಿ ನೋಡಿದರೆ ಹಾಜಿಯವರು ಒಂದು ಸ್ಟೂಲು ತರಿಸಿ, ಟಿ.ವಿ.ಗೆ ಬೆನ್ನು ಹಾಕಿ, ರಸ್ತೆಯನ್ನು ನೋಡುತ್ತಾ ಕೂತಿದ್ದರು. ಹೊರಗೆ ಜನವೋ ಜನ. ಒಬ್ಬರು ಪುತ್ತೂರಿನ ಬಸ್ಸಿಗೆ ಓಡುತ್ತಿದ್ದರು, ಇನ್ನೊಬ್ಬರು ಮಂಗಳೂರಿನ ಬಸ್ಸಿಗೆ. ಒಬ್ಬ ಓಡುತ್ತಲೇ ಟಿ.ವಿ.ಯ ಕಡೆ ಕಣ್ಣು ಹಾಯಿಸಿ ಕಂಬಕ್ಕೆ ಭುಜ ತಾಗಿಸಿಕೊಂಡು ಹೋದ. ನಿಂತವನು ಒಬ್ಬನೂ ಇಲ್ಲ.

ಅಣ್ಣ ನನ್ನ ಮುಖ ನೋಡಿದರು. ನಾನು ಹಾಜಿಯವರ ಮುಖ ನೋಡಿದೆ. ಅವರು ನಿಧಾನಕ್ಕೆ ಟೊಪ್ಪಿ ತೆಗೆದು, ಮಡಿಲಲ್ಲಿಟ್ಟುಕೊಂಡು, ಅಣ್ಣನ ಮುಂದೆ ಎಷ್ಟು ವಿನಯ ಬೇಕೋ ಅಷ್ಟೂ ವಿನಯದಿಂದ ಹೇಳಿದರು:

"ಟಿ.ವಿ. ಸರಿ ಉಂಟು. ಜಾಗ ಸರಿಯಿಲ್ಲ. ಪೇಟೆಗೆ ಬಂದುಬಿಡಿ."