ಕ್ರೋಯ್ಡನ್ನಿನ ಅಳಿಲು, ನನ್ನ ಏರ್‌ಗನ್ನು

ಆಸ್ಪತ್ರೆಯ ಲಾಂಡ್ರಿ ಕೆಲಸ ಬಿಟ್ಟ ಮೇಲೆ ನನಗೆ ಕೂತಲ್ಲಿ ಕೂರಲು ಆಗುವುದಿಲ್ಲ; ಹಾಗಾಗಿ ಏನಾದರೊಂದು ಆಗುತ್ತಲೇ ಇರುತ್ತದೆ. ಆ ವರ್ಷ ಆದದ್ದೆಲ್ಲ ಅಳಿಲಿನಿಂದ. ನಮ್ಮ ಕಡೆ ಇಣಚಿ ಅಂತೀವಿ. ಲಂಡನ್ನಿನ ಆ ತುದಿಯ ಎಜ್‌ವೇರ್‌ನ ಬೀಗರಿಗೆ ಫೋನಿನಲ್ಲಿ, "ಹಿತ್ತಲದಾಗ ಇಣಚಿ ಕಾಣೂದ ತಡ, ಹೊಡೆದು ಕೆಡವತೀನ್ರಿ" ಅಂದುಬಿಟ್ಟೆ.

"ಹಂಗಾರ ಯುಗಾದಿಗೆ ಬರ್ತೀನಿ. ನನ್ನ ಕಣ್ಣಮುಂದ ಒಂದು ಕೆಡವ್ರಿ" ಅಂದರು.

ಅಲ್ಲಿಯ ತನಕ ನಾನು ಕೆಡವಿದ್ದು ಒಂದೂ ಇಲ್ಲ.

ಬೇಸಿಗೆ

"ಶ್ರೀರಾಮ ಬೆನ್ನು ಸವರಿದ ಜೀವಾರೀ, ಹೊಡೀಬ್ಯಾಡ್ರಿ" ಎಂದು ಹೆಂಡತಿ ಅಡ್ಡ ನಿಂತಳು.

"ಇಲ್ಲಿ ಇಣಚಿ ಬೆನ್ನ ಮ್ಯಾಲೆ ಗೆರಿ ಎಲ್ಲೈತಿ, ತೋರ್ಸು. ರಾಮ ಹೋಗಿದ್ದು ಲಂಕಾಕ್ಕ, ಲಂಡನ್ನಿಗಲ್ಲ."

ಅವಳು ಯೋಚಿಸಿದಳು. "ಖರೆ ಬಿಡ್ರಿ. ನನ್ನ ಬದನಿಕಾಯಿನೂ ಕಡದು ಹಾಕ್ಯಾವ. ಹೊಡೀರಿ."

ಹೊಡೆದೆ. ಹಿತ್ತಲ ಮರದ ಎಲೆ ಎಷ್ಟು ದಟ್ಟ ಅಂದರೆ, ಗುಂಡಿಗೇ ದಾರಿ ತಪ್ಪಿತು. ಸಂಜೆ ಹೆಂಡತಿ ಬದನೆಕಾಯಿ ಸೀಳಿದರೆ ಒಳಗೆ ಸಿಕ್ಕಿತು.

"ಏನ್ರೀ ಇದು, ಎಣಗಾಯಿಗೆ ಹೊಸಾ ಮಸಾಲಿ?"

ಎಲೆ ಉದುರುವಾಗ

ಮರ ಬೋಳಾಯಿತು. ಅಳಿಲು ಹುಲ್ಲಿನಲ್ಲಿ ಕಾಯಿ ಹೂಳುತ್ತ ಎದುರಿಗೇ ಕೂತಿತು. ಆದರೆ ನನ್ನ ಕಾಲು ಒಂದು ಕಡೆ ನಿಲ್ಲಬೇಕಲ್ಲ! ಈಚೆ ಹೋದೆ, ಆಚೆ ಬಂದೆ, ಆರು ಗುಂಡು ಮಣ್ಣಿಗೆ ಹೋದವು. ಬೇಲಿಯಾಚೆ ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿ ತಲೆ ಎತ್ತಿದರು. ದಿನಾ ಅಳಿಲಿಗೆ ಶೇಂಗಾ ಹಾಕುವವರು. ಬೈಗುಳ ಬಂತು ಅಂದುಕೊಂಡೆ.

"ಪಾಪ, ತಿನ್ನಿಸಿ ತಿನ್ನಿಸಿ ಅದನ್ನ ಇಷ್ಟು ದಪ್ಪ ಮಾಡಿದ್ದೀನಿ. ಇನ್ನೂ ಎಷ್ಟು ದಪ್ಪ ಬೇಕು ನಿಮಗೆ?" ಅಂದರು.

ಚಳಿ

ಆ ಚಳಿಗೆ ಗುಂಡು ನಳಿಗೆ ಬಿಟ್ಟು ಹೊರಗೇ ಬರಲಿಲ್ಲ. ಸುಳ್ಳಲ್ಲ! ಬಂದೂಕು ತಂದು ಹೀಟರ್ ಪಕ್ಕ ಒರಗಿಸಿದೆ. ಬೆಚ್ಚಗಾದ ಮೇಲೆ ತಾನೇ ಠಪ್ಪೆಂದು ಹಾರಿ, ಗೂಟಕ್ಕೆ ಹಾಕಿದ್ದ ನನ್ನ ಕೋಟಿಗೆ ತೂತು ಮಾಡಿತು.

ಹೆಂಡತಿ ತೂತಿನಲ್ಲಿ ಬೆರಳು ತೂರಿಸಿ ನೋಡಿದಳು. "ನೀವು ಮುಟ್ಟಲಿಲ್ಲ ಅಂದ್ರ ಅದರ ಗುರಿ ಭಾರೀ ಐತಿ ನೋಡ್ರಿ."

ಯುಗಾದಿ

ಬೀಗರು ಹೋಳಿಗೆ ಉಂಡು, ಹಿತ್ತಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಇವತ್ತು ತಪ್ಪಿದರೆ ಎಜ್‌ವೇರ್‌ನಿಂದ ಸಟನ್ ತನಕ ನನ್ನ ಮಾನ ಹೋಯಿತು. ಹುಟ್ಟಿದಾಗಿನಿಂದ ಮೊದಲ ಸಲ ಅಲ್ಲಾಡದೆ ನಿಂತೆ. ಕಾಲು ಜುಮ್ಮೆಂದಿತು, ಮೂಗು ತುರಿಸಿತು, ನಾನು ಮಿಸುಕಲಿಲ್ಲ. ಲಂಡನ್ನಿನಲ್ಲಿ ಹಾಗೆ ನಿಂತ ಗಂಡಸು ಇನ್ನೊಬ್ಬನಿಲ್ಲ!

ಅಳಿಲು ಬೇಲಿ ಇಳಿಯಿತು. ನನ್ನನ್ನು ಮರ ಅಂದುಕೊಂಡಿತೋ ಏನೋ, ಪ್ಯಾಂಟು ಹತ್ತಿತು, ತೋಳು ದಾಟಿತು, ನಳಿಗೆಯ ಮೇಲೆ ಕೂತು ನನ್ನ ಮುಖ ನೋಡಿತು.

"ಹೊಡೀರಿ ಬೀಗ್ರ!"

"ಹೆಂಗ ಹೊಡೀಲ್ರಿ? ಗುಂಡು ಹೋಗೂದು ಮುಂದ, ಇದು ಕೂತದ್ದು ಮ್ಯಾಲ!"

ಅಷ್ಟರಲ್ಲಿ ಅದು ಟಣ್ಣನೆ ನನ್ನ ತಲೆಗೆ ಹಾರಿತು. ಬಂದೂಕು ಹುಲ್ಲಿಗೆ ಬಿತ್ತು. ನನ್ನ ಎರಡೂ ಕೈ ಮೇಲೆ ಹೋದವು. ಆದರೂ ಮಾತು ಬಿಡಲಿಲ್ಲ: "ನೋಡ್ರಿ, ಶರಣು ಬಂದೈತಿ. ಶರಣು ಬಂದವರನ್ನ ಹೊಡೀಬಾರದು."

ಬೀಗರು ನನ್ನ ಎತ್ತಿದ ಕೈ ನೋಡಿದರು, ತಲೆಯ ಮೇಲಿನ ಅಳಿಲು ನೋಡಿದರು.

"ಖರೆ ಐತ್ರಿ. ಅದಕ್ಕ ಅದು ನಿಮ್ಮನ್ನ ಬಿಟ್ಟೈತಿ."